ಮೋಡದ ಕಡೆಯ ಗೆರೆ

ದೊಮ್ಮಲೂರು
೧೨ ಜನವರಿ ೧೯೯೮

ವೈಷ್ಣವಿ ಅಕ್ಕನಿಗೆ,

ಇವತ್ತು ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ನೀವು ಬಾಡಿಗೆಗಿದ್ದ ಕೋಣೆಯ ಮೇಲಿನ ನೀರಿನ ಟ್ಯಾಂಕ್ ಅರ್ಧ ಮಾತ್ರ ಕಾಣುತ್ತಿತ್ತು. ಒಂದು ಕಾಗೆ ಹಾರಿಬಂದು ಕಾಣದ ಅರ್ಧದ ಕಡೆಗೆ ಹೋಯಿತು. ಸ್ವಲ್ಪ ಹೊತ್ತಿಗೆ ಅಲ್ಲೇ ಕೂತು ಕೂಗಿತು. ಬಟ್ಟೆ ಹರವುವುದನ್ನು ಬಿಟ್ಟು ನೋಡುತ್ತ ನಿಂತಿದ್ದೆ. "ಕಾಗೆ ನೋಡೋಕೆ ಎಂಎ ಓದಿದ್ಯಾ?" ಎಂದು ಅಜ್ಜಿ ಬೈದರು.

ನೀವು ಹೇಳಿಸಿದ ಕೆಲಸ ಸಿಕ್ಕಿತು. ಇಂದಿರಾನಗರದ ನೂರಡಿ ರಸ್ತೆಯಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿದೆ ಆಫೀಸು. ನನಗೆ ಇಂಗ್ಲಿಷ್ ಮಾತಾಡಲು ಅಷ್ಟು ಬರುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟೆ. ಮ್ಯಾನೇಜರ್ ಆನಂದ್ ಸರ್ ನಕ್ಕು, "ಇಲ್ಲಿ ಮಾತು ಬೇಡಮ್ಮ, ಕೈ ನಡುಗ್ಬಾರ್ದು ಅಷ್ಟೆ" ಅಂದರು. ಈಗ ನನ್ನ ಹೆಸರು 'ಕನ್ನಡ ಎಂಎ' ಎಂದಾಗಿದೆ.

ನೀವಿರುವ ದ್ವೀಪದ ವೀಕ್ಷಣಾಲಯ ತೆಗೆಯುವ ಜ್ವಾಲಾಮುಖಿಯ ಫೋಟೋಗಳು ಪ್ರತಿ ಸೋಮವಾರ ಕಂಪ್ಯೂಟರಿಗೆ ಬರುತ್ತವೆ. ಬೆಟ್ಟದ ಬಾಯಲ್ಲಿ ಉಬ್ಬುತ್ತಿರುವ ಆ ಲಾವಾದ ಗುಮ್ಮಟದ ಅಂಚಿನ ಸುತ್ತ ನಾವು ಮೌಸ್ ಹಿಡಿದು ಗೆರೆ ಎಳೆಯಬೇಕು. ಪಶ್ಚಿಮದ ಫೋಟೋಗಳು ನನ್ನವು, ಪೂರ್ವದವು ಹಬೀಬ್ ಎನ್ನುವವನವು. ಗೆರೆಯಿಂದ ನೀವು ಏನು ಮಾಡುತ್ತೀರೆಂದು ಇಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಬಿಡುವಾದಾಗ ಬರೆಯಿರಿ. ಆಫೀಸಿನ ಇ-ಮೇಲ್ ಆನಂದ್ ಸರ್ ಮೇಜಿನ ಮೇಲಿದೆ, ಅದರಲ್ಲಿ ಕನ್ನಡವೂ ಬರುವುದಿಲ್ಲ. ಹಾಗಾಗಿ ನನಗೆ ಏರ್‌ಮೇಲೇ ಇರಲಿ.

ನಿಮ್ಮ,
ಹಂಸ


ವೀಕ್ಷಣಾಲಯ
೬ ಫೆಬ್ರವರಿ ೧೯೯೮

ಹಂಸವ್ವಾ,

ನಿನ್ನ ಪತ್ರ ತಲುಪಲು ಮೂರು ವಾರವಾಗಿದೆ. ಇಲ್ಲಿಗೆ ವಾರಕ್ಕೆರಡು ಸಲ ದೋಣಿ ಬರುತ್ತದೆ. ಬೂದಿ ಹೆಚ್ಚಾದರೆ ಅದೂ ಇಲ್ಲ.

ಏನು ಮಾಡುತ್ತೇನೆಂದು ಕೇಳಿದ್ದೀಯ. ಅಜ್ಜಿ ಮುದ್ದೆ ಮಾಡುವಾಗ ನೋಡು. ಹಿಟ್ಟು ಹಾಕಿ ತಿರುವದೆ ಬಿಟ್ಟರೆ ಮೇಲೆ ಗಟ್ಟಿ ತೊಗಟೆ ಕಟ್ಟುತ್ತದೆ, ಒಳಗೆ ಕುದಿಯುತ್ತಲೇ ಇರುತ್ತದೆ. ಒಳಗಿನ ಹಬೆ ತೊಗಟೆಯ ಮೆತ್ತಗಿನ ಕಡೆ ಹುಡುಕಿಕೊಂಡು ಅಲ್ಲಿ ಒಡೆದು ಹಾರುತ್ತದೆ. ನಮ್ಮ ಲಾವಾ ಹರಿಯುವಂಥದ್ದಲ್ಲ, ಮುದ್ದೆಯಷ್ಟೇ ಗಟ್ಟಿ. ಬಾಯಿಂದ ಹೊರಬಂದು ಅಲ್ಲೇ ಗುಡ್ಡೆಯಾಗಿ ಬೆಳೆಯುತ್ತದೆ. ಬೆಳೆದು ಬೆಳೆದು ಒಂದು ದಿನ ಒಂದು ಕಡೆಗೆ ಕುಸಿದರೆ, ಆ ಕಡೆಯ ಕಣಿವೆಯಲ್ಲಿ ಬೆಂಕಿಯ ಬೂದಿ ಕಾರಿಗಿಂತ ವೇಗವಾಗಿ ಇಳಿಯುತ್ತದೆ. ಯಾವ ಕಡೆ ಎನ್ನುವುದೇ ಪ್ರಶ್ನೆ.

ನಾನು ಕಂಪ್ಯೂಟರಿನೊಳಗೆ ಇಂಥದೇ ಒಂದು ಗುಮ್ಮಟ ಬೆಳೆಸುತ್ತಿದ್ದೇನೆ. ಲಾವಾ ಎಷ್ಟು ಗಟ್ಟಿ, ಎಷ್ಟು ಬೇಗ ತಣಿಯುತ್ತದೆ, ಒಳಗಿನ ಒತ್ತಡ ಎಷ್ಟು, ಎಲ್ಲವನ್ನೂ ಸಮೀಕರಣವಾಗಿ ಬರೆದು ಬಿಟ್ಟರೆ ಅದು ತಾನಾಗಿ ಬೆಳೆಯುತ್ತದೆ. ನಂತರ ನಿಮ್ಮ ಗೆರೆಗಳ ಪಕ್ಕ ಇಟ್ಟು ನೋಡುತ್ತೇನೆ. ನನ್ನ ಗುಮ್ಮಟ ನಿಮ್ಮ ಗೆರೆಯಂತೆ ಬೆಳೆಯದಿದ್ದರೆ ತಪ್ಪು ನನ್ನದು, ನನ್ನದನ್ನು ತಿದ್ದುತ್ತೇನೆ. ಇಲ್ಲಿಯ ನಿರ್ದೇಶಕರು ಇದನ್ನು 'ವೈಷ್ಣವಿಯ ಆಟಿಕೆ' ಎನ್ನುತ್ತಾರೆ. ಜೂನ್‌ವರೆಗೆ ನನ್ನ ಕೆಲಸ. ಅಷ್ಟರೊಳಗೆ ಆಟಿಕೆ ಅಲ್ಲವೆಂದು ತೋರಿಸಬೇಕು.

ಧಾರವಾಡಕ್ಕೆ ಫೋನ್ ಮಾಡಿದಾಗಲೆಲ್ಲ ಅವ್ವ "ಬೆಂಕಿ ಬಾಜೂ ಯಾಕ ಹೋಗಿ ಕುಂತಿ?" ಎನ್ನುತ್ತಾಳೆ.

ವೈಷ್ಣವಿ


ದೊಮ್ಮಲೂರು
೨ ಮಾರ್ಚ್ ೧೯೯೮

ಅಕ್ಕ,

ನಿಮ್ಮ ಪತ್ರವನ್ನು ಅಜ್ಜಿಗೆ ಓದಿ ಹೇಳಿದೆ. "ನಮ್ಮನೇಲಿದ್ದಾಗ ಒಂದಿನಾನೂ ಮುದ್ದೆ ಮುಟ್ಲಿಲ್ಲ, ರೊಟ್ಟಿ ರೊಟ್ಟಿ ಅಂತಿದ್ಲು. ಈಗ ಬೆಟ್ಟದಾಗೆ ಮುದ್ದೆ ಕಂಡ್ಳಾ?" ಎಂದು ಬಹಳ ಹೊತ್ತು ನಕ್ಕರು.

ಹಬೀಬ್ ಬಗ್ಗೆ ಬರೆಯಬೇಕು. ಶಿವಾಜಿನಗರದವನು. ಅವನ ತಂದೆ ಅಂಗಡಿ ಬೋರ್ಡ್ ಬರೆಯುತ್ತಿದ್ದರಂತೆ, ಇವನೂ ಬರೆಯುತ್ತಿದ್ದ. ಅವನು ಎಳೆದ ಗೆರೆಯ ಪಕ್ಕ ನನ್ನದು ಕೋಳಿ ಕೆದರಿದಂತೆ ಕಾಣುತ್ತದೆ. ನಿಮ್ಮ ಬೆಟ್ಟಕ್ಕೆ ಪೂರ್ವದ ಕಡೆ ಮೋಡ ಕವಿದುಕೊಳ್ಳುತ್ತದಲ್ಲ, ಹೋದ ವಾರ ಅವನು ಮೌಸ್ ಬಿಟ್ಟು, "ಮೋಡದ ಹಿಂದೆ ಏನಿದೆ ಅಂತ ನನ್ಗೇನ್ ಗೊತ್ತು ಮೇಡಂ, ನಾನೇನ್ ಜಿನ್ನು ಭೂತಾನಾ?" ಅಂದ. ಎಲ್ಲರೂ ನಕ್ಕರು. ಆನಂದ್ ಸರ್ ಕೂಡ ನಕ್ಕು, "ಹೊಲಿಗೆ ಹಾಕು ಗುರು, ನಾಳೆ ಕಳ್ಸಬೇಕು" ಅಂದರು.

ಕೆಲಸಕ್ಕೆ ನಡೆದೇ ಹೋಗುತ್ತೇನೆ. ದಾರಿಯಲ್ಲಿ ಹೊಸ ಮನೆಗಳಿಗೆ ಪಾಯ ತೆಗೆಯುತ್ತಿದ್ದಾರೆ. ತಾತನ ಸೊಪ್ಪಿನ ತೋಟವಿದ್ದ ಜಾಗ ಈಗ ಗುರುತು ಸಿಗುವುದಿಲ್ಲ.

ಒಂದು ಸಣ್ಣ ಸಂದೇಹ. ಗೆರೆ ಪೂರ್ತಿ ಸುತ್ತಿಬಂದು ಮೊದಲ ಚುಕ್ಕೆಗೆ ಸೇರದಿದ್ದರೆ ಕಂಪ್ಯೂಟರ್ ಫೈಲನ್ನು ತೆಗೆದುಕೊಳ್ಳುವುದಿಲ್ಲ. ಮೋಡವಿದ್ದ ಕಡೆ ನಾವು ಅಂದಾಜಿನಿಂದ ಮುಚ್ಚುತ್ತೇವೆ. ಅದು ಸರಿ ತಾನೆ? ನಿಮಗೆ ತೊಂದರೆಯಾಗುವಂಥದ್ದೇನೂ ಅಲ್ಲವಲ್ಲ?

ಇನ್ನೊಂದು. ಪೂರ್ವದ ಫೋಟೋಗಳ ಕೆಳಗಿನ ಮೂಲೆಯಲ್ಲಿ, ಕಣಿವೆಯಲ್ಲಿ, ಹಸಿರು ಪಟ್ಟಿಗಳಿವೆ. ಅಲ್ಲಿ ಹೊಗೆಯ ಎಳೆಗಳು ಕಂಡವು. ಚೆಂದ ಕಂಡಿತು, ಅದಕ್ಕೆ ಬರೆದೆ.

ಹಂಸ


ವೀಕ್ಷಣಾಲಯ
೨೭ ಮಾರ್ಚ್ ೧೯೯೮

ಹಂಸವ್ವಾ,

ಖುಷಿಯಲ್ಲಿದ್ದೇನೆ, ಅಕ್ಷರ ಓಡುತ್ತಿದ್ದರೆ ಕ್ಷಮಿಸು. ಕಂಪ್ಯೂಟರಿನ ಗುಮ್ಮಟ, ನಮ್ಮ ಭಾಷೆಯಲ್ಲಿ ಮಾಡೆಲ್, ಕೊನೆಗೂ ಸರಿಯಾಗಿ ಕೂತುಕೊಂಡಿತು. ಪಶ್ಚಿಮ ಬೆಳೆಯುತ್ತಿದೆ, ಪೂರ್ವ ಬಹುತೇಕ ನಿಂತಿದೆ. ಯಾಕೆ ಹೀಗೆ ಎಂದು ಜನವರಿಯಿಂದ ತಲೆ ಕೆಡಿಸಿಕೊಂಡಿದ್ದೆ. ಪೂರ್ವದ ತೊಗಟೆ ಮಳೆಗಾಳಿಗೆ ಬೇಗ ತಣಿದು ದಪ್ಪವಾಗಿರಬೇಕು ಎಂದು ಹಿಡಿದು ಲೆಕ್ಕ ಓಡಿಸಿದೆ. ನಿಮ್ಮ ಗೆರೆಗಳಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿತು. ನಿರ್ದೇಶಕರು ಪರದೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ಆಟಿಕೆ ಎನ್ನಲಿಲ್ಲ.

ಕುಸಿದರೆ ಪಶ್ಚಿಮಕ್ಕೆ, ಸಮುದ್ರದ ಕಡೆಗೆ. ಹಾಗೆಂದು ವರದಿ ಕೊಟ್ಟೆವು. ಪೂರ್ವದ ಕಣಿವೆಯ ರೈತರಿಗೆ ಹಗಲು ಹೊತ್ತು ಹೊಲಕ್ಕೆ ಹೋಗಲು ಸರ್ಕಾರ ಪಾಸ್ ಕೊಡುತ್ತಿದೆ. ಗೆಣಸು, ಗಜ್ಜರಿ ಬೆಳೆಯುತ್ತಾರೆ. ಬೆಟ್ಟ ಎದ್ದಾಗ ಊರು ಬಿಟ್ಟು, ಎರಡು ವರ್ಷದಿಂದ ಶಿಬಿರದಲ್ಲಿ ಡಬ್ಬಿಯ ಊಟ ಉಂಡವರು.

ಮೋಡದ ವಿಷಯ ಕೇಳಿದ್ದೀಯ. ಅಲ್ಲಲ್ಲಿ ಸ್ವಲ್ಪ ಮರೆಯಾದರೆ ಮುಚ್ಚಿಬಿಡು, ಅಷ್ಟು ಸಣ್ಣದನ್ನು ಮಾಡೆಲ್ ಲೆಕ್ಕಕ್ಕಿಡುವುದಿಲ್ಲ. ನೀನು ಕಂಡಿದ್ದು ಹೊಗೆಯಲ್ಲ, ಬಿಸಿನೀರಿನ ಬುಗ್ಗೆಗಳ ಹಬೆ. ಸಾಹಿತ್ಯ ಓದಿದವರಿಗೆ ಎಲ್ಲ ಕಡೆ ಒಲೆ ಕಾಣುತ್ತದೆ.

ವೈಷ್ಣವಿ


ದೊಮ್ಮಲೂರು
೨೭ ಏಪ್ರಿಲ್ ೧೯೯೮

ಅಕ್ಕ,

ಈ ಪತ್ರವನ್ನು ಎರಡು ಸಲ ಬರೆದು ಹರಿದೆ. ನಿಮ್ಮ ಖುಷಿ ಹಾಳುಮಾಡಲು ನನಗೆ ಇಷ್ಟವಿಲ್ಲ. ಹೋದ ಸಲ ನಾನು ಸರಿಯಾಗಿ ಕೇಳಲಿಲ್ಲ. ಈಗ ಸುತ್ತಿ ಬಳಸದೆ ಬರೆಯುತ್ತೇನೆ.

ಪೂರ್ವದಲ್ಲಿ ಮರೆಯಾಗುವುದು ಅಲ್ಲಲ್ಲಿ ಅಲ್ಲ, ಸ್ವಲ್ಪವೂ ಅಲ್ಲ. ನಾನು ಸೇರುವ ಮೊದಲಿನ ಫೈಲುಗಳನ್ನೂ ತೆಗೆದು ನೋಡಿದೆ, ಕ್ರಿಸ್‌ಮಸ್ ನಂತರ ಆ ಕಡೆಯ ಗುಮ್ಮಟ ಒಂದು ವಾರವೂ ಪೂರ್ತಿ ಕಂಡಿಲ್ಲ. ಹೊಲಿಗೆ ಎಂದರೆ ಏನೆಂದು ನಾನು ನಿಮಗೆ ಹೇಳಲಿಲ್ಲ. ಹಿಂದಿನ ವಾರದ ಗೆರೆಯಲ್ಲಿ ಬೇಕಾದ ತುಂಡನ್ನು ಕತ್ತರಿಸಿ ತಂದು ಮೋಡದ ಮೇಲೆ ಜೋಡಿಸುವುದು. ಹಿಂದಿನ ವಾರದ್ದೂ ಅದರ ಹಿಂದಿನ ವಾರದಿಂದ ಬಂದದ್ದು. ಹಬೀಬ್ ಒಬ್ಬನೇ ಅಲ್ಲ, ಅವನು ರಜೆ ಹಾಕಿದಾಗ ನಾನೂ ಮಾಡಿದ್ದೇನೆ. ಆನಂದ್ ಸರ್ ಎಲ್ಲರಿಗೂ ಕಲಿಸಿದ್ದೇ ಹಾಗೆ. ನೀವು ಪೂರ್ವ ನಿಂತಿದೆ ಎಂದಿರಿ. ನಿಂತಿರುವುದು ಬೆಟ್ಟವೋ ನಮ್ಮ ಡಿಸೆಂಬರಿನ ಗೆರೆಯೋ ನನಗೆ ಗೊತ್ತಾಗುತ್ತಿಲ್ಲ.

ಆ ಹೊಗೆ ಹಬೆಯಲ್ಲ ಎಂದು ನನಗನ್ನಿಸುತ್ತದೆ. ಹಬೆಯಾದರೆ ದಿನವೂ ಒಂದೇ ಜಾಗದಲ್ಲಿರಬೇಕು. ಇವು ಜಾಗ ಬದಲಿಸುತ್ತವೆ, ಹಸಿರು ಪಟ್ಟಿಗಳ ಅಂಚಿನಲ್ಲೇ ಇರುತ್ತವೆ. ಫೋಟೋ ತೆಗೆಯುವುದು ಸೂರ್ಯ ಹುಟ್ಟುವ ಹೊತ್ತಿಗೆ. ಪಾಸ್ ಇರುವುದು ಹಗಲಿಗೆ ಅಂದಿರಿ. ಹಾಗಾದರೆ ಅವರು ರಾತ್ರಿ ಅಲ್ಲೇ ಮಲಗುತ್ತಿದ್ದಾರೆ. ನಮ್ಮ ತಾತ ಮುನಿವೆಂಕಟಪ್ಪನವರೂ ಹಾಗೇ ಮಾಡಿದ್ದರು. ತೋಟ ಲೇಔಟ್‌ಗೆ ಹೋದ ಮೇಲೂ ಪಂಪ್ ಮನೆಯಲ್ಲಿ ಮಲಗಿ, ಬೆಳಕು ಹರಿಯುವ ಮೊದಲು ಸೊಪ್ಪು ಕಿತ್ತು ಹಲಸೂರು ಮಾರ್ಕೆಟ್ಟಿಗೆ ಹೊರುತ್ತಿದ್ದರು. ಬೆಳೆ ಇರುವ ಕಡೆ ಜನ ಮಲಗುತ್ತಾರೆ ಅಕ್ಕ. ಪಾಸಿನಲ್ಲಿ ಏನು ಬರೆದಿದೆ ಎಂದು ನೋಡುವುದಿಲ್ಲ.

ನಾನು ತಿಳಿದದ್ದು ತಪ್ಪಿದ್ದರೆ ಬೈದು ಬರೆಯಿರಿ. ಆನಂದ್ ಸರ್‌ಗೆ ಹೇಳಿ ನೋಡಿದೆ. "ಅದು ಸೈಂಟಿಸ್ಟ್‌ಗಳ ತಲೆನೋವಮ್ಮ. ನಿಂಗ್ಯಾಕೆ?" ಅಂದರು.

ಹಂಸ


ವೀಕ್ಷಣಾಲಯ
೨೧ ಮೇ ೧೯೯೮

ಹಂಸವ್ವಾ,

ಬರೀ ಒಂದು ಕಾರ್ಡು. ನಿನ್ನ ದಪ್ಪ ಪತ್ರ ಸೋಮವಾರವೇ ಬಂದಿದೆ. ಇನ್ನೂ ಒಡೆದಿಲ್ಲ, ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ವರದಿ ಶುಕ್ರವಾರ ಹೋಗಬೇಕು. ಅದು ಹೋದ ಮೇಲೆ ಭಾನುವಾರ ಚಹಾ ಮಾಡಿಕೊಂಡು ಸಮಾಧಾನವಾಗಿ ಓದುತ್ತೇನೆ. ಇನ್ನೆರಡು ವರ್ಷ ನನ್ನ ಕೆಲಸ ಮುಂದುವರಿಸುತ್ತಾರಂತೆ. ಅಜ್ಜಿಗೆ ಹೇಳು.

ವೈ.


ದೊಮ್ಮಲೂರು
೨೬ ಮೇ ೧೯೯೮

ಅಕ್ಕ,

ನಿನ್ನೆಯ ಫೋಟೋಗಳಲ್ಲಿ ಪೂರ್ವದ ಕಡೆ ಮೋಡವಿರಲಿಲ್ಲ. ಗುಮ್ಮಟವೂ ಇರಲಿಲ್ಲ. ಆ ಕಡೆಯ ಗೋಡೆ ಪೂರ್ತಿ ಹೋಗಿದೆ. ಕಣಿವೆ ಮೇಲಿಂದ ಸಮುದ್ರದವರೆಗೆ ಒಂದೇ ಬೂದು ಬಣ್ಣ. ಹಸಿರು ಪಟ್ಟಿಗಳಿದ್ದ ಮೂಲೆಯನ್ನು ಹುಡುಕಿದೆ. ಹಬೀಬ್ ನನ್ನ ಹಿಂದೆ ಬಂದು ನಿಂತಿದ್ದ.

ನೀವು ಹೇಗಿದ್ದೀರಿ? ಅಲ್ಲಿ ಯಾರಿದ್ದರು? ನನ್ನ ಪತ್ರ ಬಂತೆ? ಒಂದು ಸಾಲು ಬರೆದರೂ ಸಾಕು.

ಹಂಸ


ದೊಮ್ಮಲೂರು
೧೩ ಜುಲೈ ೧೯೯೮

ಅಕ್ಕ,

ನಿಮ್ಮ ಕಾರ್ಡು ಜೂನ್ ತಿಂಗಳಲ್ಲಿ ಬಂತು. ಭಾನುವಾರ ಓದುತ್ತೇನೆ ಎಂದಿದ್ದ ಕಾರ್ಡು. ಬೆಟ್ಟ ಕುಸಿದದ್ದು ಆ ಭಾನುವಾರವೇ ಎಂದು ಆನಂದ್ ಸರ್ ಹೇಳಿದರು. ನಂತರ ನಿಮ್ಮಿಂದ ಏನೂ ಇಲ್ಲ. ಎಸ್‌ಟಿಡಿ ಬೂತಿಗೆ ಹೋಗಿ ಧಾರವಾಡಕ್ಕೆ ನಿಮ್ಮ ಅವ್ವನಿಗೆ ಫೋನ್ ಮಾಡಿದೆ. "ಆರಾಮ ಅದಾಳಂತ. ಭಾಳ ಮಾತಾಡೂದಿಲ್ಲ" ಅಂದರು.

ಬರೆಯಲು ಮನಸ್ಸಾದಾಗ ಬರೆಯಿರಿ. ಇಲ್ಲಿ ಮಳೆ.

ಹಂಸ


ವೀಕ್ಷಣಾಲಯ
೩ ಆಗಸ್ಟ್ ೧೯೯೮

ಹಂಸಾ,

ಹನ್ನೊಂದು ಜನ. ಕೆಲವರನ್ನು ಬೂದಿ ತಣಿದ ಮೇಲೆ ತೆಗೆದರು, ಇನ್ನು ಕೆಲವರನ್ನು ತೆಗೆಯಲಾಗಲಿಲ್ಲ. ಅವರಲ್ಲಿ ಒಬ್ಬಾಕೆ ಶನಿವಾರದ ಸಂತೆಯಲ್ಲಿ ನನಗೆ ಗೆಣಸು ಕೊಡುತ್ತಿದ್ದಳು. ತೂಕವಾದ ಮೇಲೆ ಯಾವಾಗಲೂ ಒಂದು ಹೆಚ್ಚಿಗೆ ಹಾಕುತ್ತಿದ್ದಳು. ಬೆಳಗಿನ ಸಂತೆಗೆ ಗೆಣಸು ಅಷ್ಟು ತಾಜಾ ಹೇಗೆ ಬರುತ್ತದೆ ಎಂದು ಒಂದು ದಿನವೂ ನನಗೆ ಹೊಳೆಯಲಿಲ್ಲ.

ಅದು ಹಬೆಯಲ್ಲ, ಒಲೆಯೇ. ಇದನ್ನು ನಿನಗೆ ಮಾತ್ರ ಬರೆಯುತ್ತಿದ್ದೇನೆ.

ಈಗ ಒಂದು ಮಾತು, ಗಮನವಿಟ್ಟು ಓದು. ವಿಚಾರಣೆ ನಡೆಯುತ್ತಿದೆ. ನಮ್ಮ ವರದಿಯಲ್ಲಿ, ಪೂರ್ವದ ಗೆರೆಗಳಲ್ಲಿ ದೋಷವಿತ್ತು, ಅದು ಗುತ್ತಿಗೆ ಕಂಪನಿಯ ಒಬ್ಬ ಕೆಲಸಗಾರನ ಅಜಾಗರೂಕತೆ ಎಂದು ಬರೆದಿದೆ. ಬರೆದದ್ದು ನಿರ್ದೇಶಕರು, ಆದರೆ ಸಹಿ ನನ್ನದೂ ಇದೆ. ಮಾಡೆಲ್‌ನಲ್ಲಿ ತಪ್ಪಿಲ್ಲ ಹಂಸಾ, ಅದು ನಿಜ. ಸರಿಯಾದ ಗೆರೆ ಕೊಟ್ಟಿದ್ದರೆ ಅದು ಸರಿಯಾಗಿ ಹೇಳುತ್ತಿತ್ತು. ಅದನ್ನು ಉಳಿಸಿಕೊಂಡರೆ ಮುಂದೆ ಎಷ್ಟೋ ಜನ ಉಳಿಯುತ್ತಾರೆ.

ಆಗಸ್ಟ್ ಕೊನೆಯ ಸೋಮವಾರ ಇಲ್ಲಿಂದ ವಿಚಾರಣೆಯವರೊಬ್ಬರು ನಿಮ್ಮ ಆಫೀಸಿಗೆ ಬರುತ್ತಾರೆ. ಪೂರ್ವ ಯಾರದೆಂದು ಕೇಳುತ್ತಾರೆ. ಹಬೀಬನದು ಎಂದು ಹೇಳು, ಅದು ಸುಳ್ಳೇನಲ್ಲ. ನೀನು ನನ್ನನ್ನು ಕೇಳಿದ್ದು, ನಾನು ಹೇಳಿದ್ದು, ಇದೆಲ್ಲ ಬೇಡ. ನಿನ್ನ ದೊಡ್ಡ ಪತ್ರ ನನಗೆ ತಲುಪಿದ್ದು ಎಲ್ಲ ಮುಗಿದ ಮೇಲೆ. ನಿನಗೂ ಕೆಲಸ ಉಳಿಯುತ್ತದೆ. ನಾನೇ ಹೇಳಿ ಸೇರಿಸಿದ ಕೆಲಸವಲ್ಲವೆ ಅದು.

ವೈಷ್ಣವಿ


ದೊಮ್ಮಲೂರು
೨೮ ಆಗಸ್ಟ್ ೧೯೯೮, ಶುಕ್ರವಾರ

ವೈಷ್ಣವಿ ಅಕ್ಕ,

ನಿಮ್ಮ ಪತ್ರ ಮಂಗಳವಾರ ಬಂತು. ಅಜ್ಜಿಗೆ ಓದಿ ಹೇಳಲಿಲ್ಲ. ಚೆನ್ನಾಗಿದ್ದೀರಿ ಎಂದಷ್ಟೇ ಹೇಳಿದೆ. "ಊಟ ಸರಿಯಾಗಿ ಮಾಡ್ತಾಳಂತಾ?" ಎಂದು ಕೇಳಿದರು. ಹೂಂ ಅಂದೆ.

ನನ್ನ ಪತ್ರ ಎಲ್ಲ ಮುಗಿದ ಮೇಲೆ ತಲುಪಿತು ಎಂದು ಬರೆದಿದ್ದೀರಿ. ನೀವು ಹಾಗೆ ನೆನಪಿಟ್ಟುಕೊಳ್ಳಬೇಕಾಗಿದೆ ಎಂದು ನನಗೆ ಅರ್ಥವಾಗುತ್ತದೆ. ಅದರ ಬಗ್ಗೆ ಇನ್ನೇನೂ ಹೇಳುವುದಿಲ್ಲ. ನಾನೂ ಮಾರ್ಚ್‌ನಲ್ಲಿ ಕೇಳಬೇಕಾದ್ದನ್ನು ತಾತನ ತೋಟದ ಮಾತಿನ ಕೆಳಗೆ ಮುಚ್ಚಿಟ್ಟು ಕೇಳಿದ್ದೆ.

ಹಬೀಬ್‌ನನ್ನು ಜುಲೈ ಕೊನೆಗೆ ಕೆಲಸದಿಂದ ತೆಗೆದರು. ಬುಧವಾರ ಅವನ ಮನೆಗೆ ಹೋಗಿದ್ದೆ, ಶಿವಾಜಿನಗರದಲ್ಲಿ, ಮಾರ್ಕೆಟ್ ಹಿಂದಿನ ಗಲ್ಲಿ. ಅವನ ತಾಯಿ ಶಕೀಲಾ ಅವರು "ಕೂತ್ಕೋ ಬೇಟಿ" ಎಂದು ಚಾಪೆಯ ಮೇಲಿದ್ದ ಬಣ್ಣದ ಡಬ್ಬಗಳನ್ನು ಸರಿಸಿದರು. ಅವನು ಒಂದು ಮಟನ್ ಅಂಗಡಿಯ ಬೋರ್ಡ್ ಬರೆಯುತ್ತಿದ್ದ. "ಕ್ವಾಲಿಟಿ ಪ್ರಾಬ್ಲಮ್ ಅಂದ್ರು ಮೇಡಂ, ಅಷ್ಟೇ. ಆನಂದ್ ಸರ್ ಮುಖ ನೋಡ್ಲಿಲ್ಲ ನನ್ದು" ಅಂದ. ಅವನಿಗೆ ಏನೂ ಗೊತ್ತಿರಲಿಲ್ಲ ಅಕ್ಕ. ಬೆಟ್ಟ ಕುಸಿದದ್ದನ್ನು ನನ್ನ ಹಿಂದೆ ನಿಂತು ನೋಡಿದ್ದ, ಕಣಿವೆಯಲ್ಲಿ ಜನರಿದ್ದದ್ದನ್ನು ಯಾರೂ ಹೇಳಿರಲಿಲ್ಲ. ನಾನು ಹೇಳಿದೆ.

ಅವನು ಬ್ರಶ್ಶನ್ನು ಎಣ್ಣೆಯಲ್ಲಿ ಅದ್ದಿ, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ಒರೆಸಿದ. ಆಮೇಲೆ, "ಬೋರ್ಡ್ ಕೆಲ್ಸಾನೇ ಒಳ್ಳೇದು. ತಪ್ಪಾದ್ರೆ ಜನ ನಗ್ತಾರೆ, ಸಾಯಲ್ಲ" ಅಂದ. ಶಕೀಲಾ ಅವರು ಏನಾಯಿತೆಂದು ನನ್ನನ್ನು ಕೇಳಿದರು. ಅವನು ಉರ್ದುವಿನಲ್ಲಿ ಏನೋ ಹೇಳಿ ಅವರನ್ನು ಒಳಗೆ ಕಳಿಸಿದ. ನಾನು ಚಹಾ ಕುಡಿಯದೆ ಎದ್ದರೆ ಅವರಿಗೆ ಬೇಸರವಾಗುತ್ತದೆಂದು ಕುಡಿದೆ.

ಅವನ ಕುರ್ಚಿಯಲ್ಲಿ ಈಗ ನಾನು ಕೂರುತ್ತೇನೆ. ಪೂರ್ವ ನನ್ನದು. ನಿಮಗೆ ಗೊತ್ತಿರುತ್ತದೆ, ಕುಸಿದ ಗಾಯದಲ್ಲೇ ಹೊಸ ಗುಮ್ಮಟ ಏಳುತ್ತಿದೆ. ಜುಲೈಯಲ್ಲಿ ಅದು ಸ್ಪಷ್ಟವಾಗಿ ಕಾಣುತ್ತಿತ್ತು. ಎರಡು ವಾರದಿಂದ ಮತ್ತೆ ಮೋಡ. ಈ ಸೋಮವಾರ ಗೆರೆ ಅರ್ಧಕ್ಕೆ ನಿಲ್ಲಿಸಿ ಕೂತಿದ್ದೆ. ಆನಂದ್ ಸರ್ ಹಿಂದಿನಿಂದ ಬಂದು, "ಏನ್ ಕನ್ನಡ ಎಂಎ, ಕವಿತೆ ಬರೀತಿದ್ಯಾ? ಹೊಲಿಗೆ ಹಾಕಮ್ಮ, ಟೈಮಾಯ್ತು" ಅಂದರು. ಅಷ್ಟೆಲ್ಲ ಆದ ಮೇಲೂ ಅದೇ ಮಾತು, ಅದೇ ಧ್ವನಿ. ಹಬೀಬ್ ಹೋದ ಮೇಲೆ ತಪ್ಪೂ ಹೋಯಿತೆಂದು ಅವರು ನಿಜವಾಗಿ ನಂಬಿದ್ದಾರೆ. ನೀವೂ ಹಾಗೇ ಬರೆದುಕೊಟ್ಟಿದ್ದೀರಿ. ನಾನು ಹೊಲಿಗೆ ಹಾಕಿದೆ. ಅದು ಈಗ ನಿಮ್ಮ ಮಾಡೆಲ್‌ನೊಳಗೆ ಇರಬೇಕು.

ಅದೇ ಫೋಟೋದ ಕೆಳಗಿನ ಮೂಲೆಯಲ್ಲಿ, ಬೂದಿಯ ಅಂಚಿಗೆ, ಒಂದು ಹೊಗೆಯ ಎಳೆ ಇತ್ತು. ಒಂದೇ. ಬೂದಿ ಬಿದ್ದ ಮಣ್ಣಿನಲ್ಲಿ ಗೆಣಸು ಚೆನ್ನಾಗಿ ಬರುತ್ತದೇನೋ.

ನಿಮ್ಮವರು ಆಚೆ ನಾಡಿದ್ದು ಸೋಮವಾರ ಬರುತ್ತಾರೆ. ಆನಂದ್ ಸರ್ ನಮಗೆಲ್ಲ ಇಸ್ತ್ರಿ ಬಟ್ಟೆ ಹಾಕಿಕೊಂಡು ಬರಲು ಹೇಳಿದ್ದಾರೆ. ಇಂಗ್ಲಿಷಿನಲ್ಲಿ ನನಗೆ ಹೆಚ್ಚು ಹೇಳಲು ಬರುವುದಿಲ್ಲ, ಅಷ್ಟು ಜನರೆದುರು ಕನ್ನಡದಲ್ಲೂ ಬರುವುದಿಲ್ಲ. ಹಾಗಾಗಿ ಮಾಡಿ ತೋರಿಸುತ್ತೇನೆ. ಹಳೆಯ ಗೆರೆಯಿಂದ ತುಂಡು ಕತ್ತರಿಸಿ ಮೋಡದ ಮೇಲೆ ಇಡುತ್ತೇನೆ. ಅವರು ನೋಡಿದ ಮೇಲೆ ಅದನ್ನು ಅಳಿಸಿ, ಗೆರೆಯನ್ನು ಮೋಡದ ಅಂಚಿಗೆ ನಿಲ್ಲಿಸುತ್ತೇನೆ. ಕಂಪ್ಯೂಟರ್ ಬೇಡವೆನ್ನಲಿ, ಆನಂದ್ ಸರ್ ಏನಾದರೂ ಅನ್ನಲಿ, ನಾನು ಮುಚ್ಚುವುದಿಲ್ಲ. ಹೊಗೆಯ ಜಾಗವನ್ನೂ ಬೆರಳಿಟ್ಟು ತೋರಿಸುತ್ತೇನೆ. ಇದನ್ನು ಯಾರು ಯಾರು ಮಾಡುತ್ತಿದ್ದರು ಎಂದು ಕೇಳಿದರೆ, ಎಲ್ಲರೂ, ನಾನೂ ಎನ್ನುತ್ತೇನೆ. ವೀಕ್ಷಣಾಲಯಕ್ಕೆ ಗೊತ್ತಿತ್ತೇ ಎಂದು ಕೇಳಿದರೆ, ನಾನು ಕೇಳಿದ್ದನ್ನೂ ನೀವು ಹೇಳಿದ್ದನ್ನೂ ಇದ್ದ ಹಾಗೆ ಹೇಳುತ್ತೇನೆ.

ಇದನ್ನು ನಿಮಗೆ ಮೊದಲೇ ತಿಳಿಸಬೇಕಾದ್ದು ನ್ಯಾಯ. ಬೂತಿನಿಂದ ಫೋನ್ ಮಾಡಬಹುದಿತ್ತು, ನಂಬರ್ ಇದೆ. ಆದರೆ ನೀವು ಒಂದು ಸಲ "ಹಂಸವ್ವಾ, ಬೇಡ" ಎಂದರೆ ಸಾಕು, ನನ್ನಿಂದ ಆಗುವುದಿಲ್ಲ. ನನ್ನ ಸ್ವಭಾವ ನಿಮಗೆ ಗೊತ್ತು.

ಅದಕ್ಕೆ ಇವತ್ತು ಸಂಜೆ ಈ ಪತ್ರವನ್ನು ಏರ್‌ಮೇಲಿಗೇ ಹಾಕುತ್ತಿದ್ದೇನೆ. ನಿಮ್ಮ ಕೈಸೇರಲು ಮೂರು ವಾರ ಬೇಕು.

ಹಂಸ